ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಡು ನುಡಿಗಳನ್ನು ಕೇಳುವ ಕಿವಿ

ಕಳೆದ ಸಂಚಿಕೆಯಲ್ಲಿ ಮಕ್ಕಳ ಮಾತಿನ ಬೆಳವಣಿಗೆಯ ಬಗ್ಗೆ ಬರೆದ ಮೇಲೆ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತವೆ. ಎರಡೋ ಮೂರೋ ಭಾಷೆಗಳಲ್ಲಿ ದಿನ ಕಳೆಯುವವರ ಕಿವಿ ಮತ್ತು ಮಿದುಳು ಆಡುಮಾತಿನ ಧ್ವನಿಗಳನ್ನು ಹೇಗೆ ಗುರುತಿಸುತ್ತವೆ ಎಂಬುದೇ ಆ ವಿಷಯ. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸ್ಥಳಾವಕಾಶಕ್ಕೆ ತಕ್ಕಂತೆ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್. ಇಂಗ್ಲಿಷಿನಲ್ಲಿ ಸಭೆ ನಡೆಯುತ್ತಿರುವಾಗ ಯಾರಾದರೂ ‘ಕಾಲ್’ ಎಂದರೆ ಒಂದು ಕ್ಷಣ ನನ್ನ ಮನಸ್ಸಿನಲ್ಲಿ ‘ಕಾಲು’ ಸುಳಿದು ಹೋಗುತ್ತದೆ; ‘ಹಾಲ್’ ಎಂದರೆ ‘ಹಾಲು’. ಇಂಗ್ಲಿಷ್ ಕೇಳುವಾಗ ಮಿದುಳು ಕನ್ನಡವನ್ನು ಬದಿಗಿಡುವುದಿಲ್ಲವೇ? ಅಥವಾ ನನ್ನ ಏಕಾಗ್ರತೆಯಲ್ಲೇ ದೋಷವಿದೆಯೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ದೋಷವೇನೂ ಇಲ್ಲ. ನೀವು ಬರೆದಿರುವುದು ಪ್ರಯೋಗಶಾಲೆಗಳಲ್ಲಿ ಕಂಡದ್ದಕ್ಕೆ ಸರಿಯಾಗಿಯೇ ಹೊಂದುತ್ತದೆ. ಅದು ಹೇಗೆಂದು ತಿಳಿಯಲು, ಒಂದೇ ಭಾಷೆಯ ಮಾತನ್ನಾದರೂ ನಾವು ಹೇಗೆ ಗುರುತಿಸುತ್ತೇವೆ ಎಂಬುದನ್ನು ಮೊದಲು ನೋಡಬೇಕು. ಓದುವಾಗ ಪದವು ಇಡಿಯಾಗಿ ಕಣ್ಣ ಮುಂದಿರುತ್ತದೆ. ಕೇಳುವಾಗ ಹಾಗಲ್ಲ, ಪದದ ಮೊದಲಕ್ಷರ ಕಿವಿಗೆ ಬಿದ್ದಾಗ ಅದರ ಕೊನೆ ಇನ್ನೂ ಆಡುವವರ ಬಾಯಲ್ಲೇ ಇರುತ್ತದೆ. ಆದರೂ ಪದ ಮುಗಿಯಲಿ ಎಂದು ಕೇಳುಗರು ಕಾಯುವುದಿಲ್ಲ ಎಂಬುದನ್ನು ಬ್ರಿಟನ್ನಿನ ವಿಲಿಯಂ ಮಾರ್ಸ್ಲೆನ್-ವಿಲ್ಸನ್ 1970 ಮತ್ತು 80ರ ದಶಕಗಳ ತಮ್ಮ ಸಂಶೋಧನೆಗಳಲ್ಲಿ ತೋರಿಸಿದರು. ‘ಕಾ’ ಎಂಬಷ್ಟು ಕೇಳಿದೊಡನೆ ಕಾಗೆ, ಕಾಡು, ಕಾಯಿ, ಕಾಲು, ಕಾಗದ ಹೀಗೆ ಆ ಧ್ವನಿಯಿಂದ ಮೊದಲಾಗುವ ಪದಗಳೆಲ್ಲ ಮನಸ್ಸಿನಲ್ಲಿ ಸ್ವಲ್ಪ ಸ್ವಲ್ಪ ಎಚ್ಚರಗೊಳ್ಳುತ್ತವೆ. ಅದರ ಹಿಂದೆಯೇ ‘ಲ್’ ಬಂದಾಗ ಕಾಗೆ, ಕಾಡು, ಕಾಯಿ, ಕಾಗದಗಳು ಹಿಂದೆ ಸರಿದು ಕಾಲು, ಕಾಲ, ಕಾಲುವೆಗಳು ಉಳಿಯುತ್ತವೆ. ಮುಂದಿನ ಧ್ವನಿ ಮತ್ತು ಮಾತಿನ ಸಂದರ್ಭ ಸೇರಿ ಒಂದನ್ನು ಗೆಲ್ಲಿಸುತ್ತವೆ. ಇಷ್ಟೆಲ್ಲ ನಡೆಯುವುದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ, ನಮ್ಮ ಅರಿವಿಗೆ ಬಾರದಂತೆ. ಅಂದರೆ ಒಂದೇ ಭಾಷೆ ಬಲ್ಲವರಿಗೂ ಪದಗಳ ಪೈಪೋಟಿ ತಪ್ಪಿದ್ದಲ್ಲ.

ದ್ವಿಭಾಷಿಕರ ವಿಷಯಕ್ಕೆ ಬಂದರೆ, ಈ ಪೈಪೋಟಿಯಲ್ಲಿ ಎರಡನೆಯ ಭಾಷೆಯ ಪದಗಳೂ ಸೇರುತ್ತವೆಯೇ ಎಂಬುದು ಪ್ರಶ್ನೆ. ಒಂದು ಭಾಷೆಯನ್ನು ಕೇಳುವಾಗ ಇನ್ನೊಂದನ್ನು ಪೂರ್ತಿ ಆರಿಸಿಬಿಡುವ ಸ್ವಿಚ್ಚೊಂದು ಮಿದುಳಿನಲ್ಲಿದೆ ಎಂದು ಒಂದು ಕಾಲದಲ್ಲಿ ನಂಬಲಾಗಿತ್ತು. ಆ ನಂಬಿಕೆಯನ್ನು ಬಲವಾಗಿ ಅಲುಗಿಸಿದ್ದು ವಿಯೊರಿಕಾ ಮರಿಯನ್ ಮತ್ತು ಮೈಕಲ್ ಸ್ಪೈವಿ ಅವರು 1999ರಲ್ಲಿ ಪ್ರಕಟಿಸಿದ ಪ್ರಯೋಗ. ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮುಂದೆ ಕೆಲವು ವಸ್ತುಗಳನ್ನು ಇಟ್ಟು, ಅವರ ದೃಷ್ಟಿ ಯಾವ ಕ್ಷಣದಲ್ಲಿ ಯಾವುದರ ಮೇಲೆ ಹೊರಳುತ್ತದೆ ಎಂಬುದನ್ನು ತಲೆಗೆ ತೊಡಿಸಿದ ಉಪಕರಣದಿಂದ ದಾಖಲಿಸಲಾಯಿತು. ರಷ್ಯನ್ ಭಾಷೆಯಲ್ಲಿ ಅಂಚೆಚೀಟಿಯನ್ನು ‘ಮಾರ್ಕಾ’ ಎನ್ನುತ್ತಾರೆ. ಅಂಚೆಚೀಟಿಯನ್ನು ಎತ್ತಿಕೊಳ್ಳಿ ಎಂದು ರಷ್ಯನ್ನಿನಲ್ಲಿ ಹೇಳಿದಾಗ, ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಕಡೆಗೂ ಅವರ ಕಣ್ಣು ಕ್ಷಣಮಾತ್ರ ಹರಿಯಿತು. ಹೆಸರಿನಲ್ಲಿ ಯಾವ ಹೋಲಿಕೆಯೂ ಇಲ್ಲದ ವಸ್ತುಗಳ ಕಡೆಗೆ ಅಷ್ಟು ಸಲ ಹರಿಯಲಿಲ್ಲ. ಅಲ್ಲಿ ಇಂಗ್ಲಿಷಿನ ಮಾತೇ ಇರಲಿಲ್ಲ. ಆದರೂ ಇಂಗ್ಲಿಷ್ ಪದ ಎಚ್ಚರಗೊಂಡಿತ್ತು. ನಿಮಗೆ ‘ಕಾಲ್’ ಕೇಳಿದಾಗ ‘ಕಾಲು’ ಸುಳಿಯುವುದೂ ಇದೇ.

ಹಾಗಾದರೆ ಕಿವಿಗೆ ಭಾಷೆಯ ಗುರುತೇ ಇಲ್ಲವೇ ಎಂದರೆ, ಇದೆ. ‘ಪ’ ಎನ್ನುವಾಗ ತುಟಿ ತೆರೆದ ಕ್ಷಣಕ್ಕೂ ಗಂಟಲಿನ ಧ್ವನಿತಂತುಗಳು ಕಂಪಿಸತೊಡಗುವ ಕ್ಷಣಕ್ಕೂ ನಡುವೆ ಒಂದು ಚಿಕ್ಕ ಅಂತರವಿರುತ್ತದೆ. ಅಮೆರಿಕ, ಇಂಗ್ಲೆಂಡುಗಳ ಇಂಗ್ಲಿಷಿನಲ್ಲಿ ಪದದ ಆರಂಭದ ಪ, ಟ, ಕಗಳಿಗೆ ಇದು ಸುಮಾರು 50ರಿಂದ 80 ಮಿಲಿಸೆಕೆಂಡು. ಆ ನಡುವೆ ಉಸಿರು ಹೊರಬೀಳುವುದರಿಂದ ಅವು ನಮ್ಮ ಮಹಾಪ್ರಾಣಗಳ ಹತ್ತಿರಕ್ಕೆ ಬರುತ್ತವೆ. ಸ್ಪ್ಯಾನಿಷಿನಲ್ಲಿಯೂ ನಮ್ಮ ಅಲ್ಪಪ್ರಾಣಗಳಲ್ಲಿಯೂ ಆ ಅಂತರ ಬಹಳ ಕಿರಿದು. 2004ರಲ್ಲಿ ಮಿನ್ ಜು ಮತ್ತು ಪಾಲ್ ಲೂಸ್ ಸ್ಪ್ಯಾನಿಷ್–ಇಂಗ್ಲಿಷ್ ದ್ವಿಭಾಷಿಕರಿಗೆ ಸ್ಪ್ಯಾನಿಷ್ ಪದಗಳನ್ನು ಎರಡು ಬಗೆಯಲ್ಲಿ ಕೇಳಿಸಿದರು: ಸಹಜ ಉಚ್ಚಾರಣೆಯಲ್ಲಿ ಒಮ್ಮೆ, ಮೊದಲ ವ್ಯಂಜನದ ಈ ಅಂತರವನ್ನು ಇಂಗ್ಲಿಷಿನಷ್ಟು ಹಿಗ್ಗಿಸಿ ಇನ್ನೊಮ್ಮೆ. ಸಹಜ ಉಚ್ಚಾರಣೆಯಲ್ಲಿ ಕೇಳಿದಾಗ ಅವರ ಕಣ್ಣು ಇಂಗ್ಲಿಷ್ ಹೆಸರಿನ ವಸ್ತುವಿನತ್ತ ಸೆಳೆಯಲ್ಪಡಲಿಲ್ಲ; ಹಿಗ್ಗಿಸಿದಾಗ ಸೆಳೆಯಲ್ಪಟ್ಟಿತು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸದಿಂದಲೇ ಕಿವಿಯು ಇದು ಯಾವ ಭಾಷೆಯ ಪದವಿರಬಹುದೆಂದು ತೂಗಿ ನೋಡುತ್ತಿರುತ್ತದೆ.

ಇಲ್ಲಿಂದ ಮುಂದಿನದು ನನ್ನ ಊಹೆಯೇ ಹೊರತು ಪ್ರಯೋಗದ ಫಲಿತಾಂಶವಲ್ಲ. ನಿಮ್ಮ ಸಭೆಯಲ್ಲಿ ಮಾತನಾಡುವವರಲ್ಲಿ ಬಹುಪಾಲು ಬೆಂಗಳೂರಿನವರೇ ಆಗಿದ್ದರೆ, ಅವರು ‘ಕಾಲ್’ ಎನ್ನುವಾಗ ಆ ‘ಕ’ಕಾರದಲ್ಲಿ ಉಸಿರಿನ ಅಂಶವಿರುವುದಿಲ್ಲ, ಸ್ವರವೂ ಕನ್ನಡದ ‘ಆ’ಕಾರಕ್ಕೆ ಹತ್ತಿರವಾಗಿರುತ್ತದೆ. ಭಾಷೆಯನ್ನು ಬೇರ್ಪಡಿಸುವ ಧ್ವನಿಯ ಸುಳಿವೇ ಅಲ್ಲಿ ಇಲ್ಲದ ಮೇಲೆ ‘ಕಾಲು’ ಏಳುವುದು ಸಹಜ. ಅಮೆರಿಕದ ಸಹೋದ್ಯೋಗಿಯೊಬ್ಬರು ಅದೇ ಪದವನ್ನು ಅಂದಾಗಲೂ ಹಾಗೆಯೇ ಆಗುತ್ತದೆಯೇ ಎಂಬುದನ್ನು ಗಮನಿಸಿ ನೋಡಿ.

ಇನ್ನೊಂದು ಮಾತು. ದ್ವಿಭಾಷಿಕರು ಎದುರಿಗಿರುವವರನ್ನೂ ಸನ್ನಿವೇಶವನ್ನೂ ನೋಡಿಕೊಂಡು ತಮ್ಮ ಎರಡು ಭಾಷೆಗಳನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಚ್ಚರದಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದನ್ನು ದ್ವಿಭಾಷಿಕತೆಯ ಸಂಶೋಧಕ ಫ್ರಾನ್ಸುವಾ ಗ್ರೋಜಾನ್ ಬಹುಕಾಲದಿಂದ ಪ್ರತಿಪಾದಿಸುತ್ತ ಬಂದಿದ್ದಾರೆ. ‘ನಾಳೆ ಮೀಟಿಂಗ್ ಕ್ಯಾನ್ಸಲ್ ಆಯ್ತಂತೆ, ಕನ್ಫರ್ಮ್ ಮಾಡಿ’ ಎಂಬಂಥ ವಾಕ್ಯಗಳು ದಿನವಿಡೀ ಕಿವಿಗೆ ಬೀಳುವ ಊರಿನಲ್ಲಿ ಯಾವ ಭಾಷೆಯನ್ನೂ ಪೂರ್ತಿ ಮಲಗಿಸಲು ಕಿವಿಗೆ ಪುರುಸೊತ್ತೆಲ್ಲಿ!

ಪ್ರಶ್ನೆ: ನನ್ನ ಮಗಳಿಗೆ ಈಗ ಎಂಟು ತಿಂಗಳು. ನಾನು ಕನ್ನಡದಲ್ಲಿ, ನನ್ನ ಗಂಡ ತಮಿಳಿನಲ್ಲಿ ಅವಳೊಡನೆ ಮಾತನಾಡುತ್ತೇವೆ. ಎರಡು ಭಾಷೆಗಳ ಧ್ವನಿಗಳು ಕಲಸಿಹೋಗಿ ಮಗು ಮಾತಿಗೆ ತಡಬಡಿಸುತ್ತದೆ, ಒಂದನ್ನೇ ಇಟ್ಟುಕೊಳ್ಳಿ ಎಂದು ಅತ್ತೆಯವರು ಹೇಳುತ್ತಾರೆ. ಹಿಂದಿಯೂ ಬರಲಿ ಎಂದು ಮೊಬೈಲಿನಲ್ಲಿ ಶಿಶುಗೀತೆಗಳನ್ನು ಹಾಕಬಹುದೇ?
— ತಾಯಿಯೊಬ್ಬರು, ವಿಜಯನಗರ

ಉತ್ತರ: ನೀವಿಬ್ಬರೂ ಈಗ ಮಾಡುತ್ತಿರುವುದನ್ನು ಹಾಗೆಯೇ ಮುಂದುವರಿಸಿ. ಎಂಟನೆಯ ತಿಂಗಳೆಂದರೆ ಧ್ವನಿಗ್ರಹಣೆಯಲ್ಲಿ ಬಹಳ ಮುಖ್ಯವಾದ ಕಾಲ. ಇದನ್ನು ತಿಳಿಸಿಕೊಟ್ಟ ಪ್ರಸಿದ್ಧ ಅಧ್ಯಯನಕ್ಕೆ ನಮ್ಮ ಭಾಷೆಗಳ ಧ್ವನಿಗಳೇ ಸಾಮಗ್ರಿಯಾಗಿದ್ದವು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ದಂತ್ಯ ‘ತ’ ಮತ್ತು ಮೂರ್ಧನ್ಯ ‘ಟ’ಗಳನ್ನು ಕೇಳಿಸಲಾಯಿತು. ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತಿದ್ದು, ಅದು ಬದಲಾದೊಡನೆ ಮಗು ತಲೆ ತಿರುಗಿಸಿದರೆ ಬದಿಯಲ್ಲಿ ಆಟಿಕೆಯೊಂದು ಬೆಳಗಿ ಕುಣಿಯುತ್ತದೆ. ಮಗುವಿಗೆ ವ್ಯತ್ಯಾಸ ತಿಳಿಯಿತೋ ಇಲ್ಲವೋ ಎಂಬುದು ಅದರ ತಲೆಯ ಚಲನೆಯಿಂದಲೇ ಗೊತ್ತಾಗುತ್ತದೆ. ಆರರಿಂದ ಎಂಟು ತಿಂಗಳ ಇಂಗ್ಲಿಷ್ ಮಕ್ಕಳಲ್ಲಿ ಹೆಚ್ಚಿನವು ಈ ವ್ಯತ್ಯಾಸವನ್ನು ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹಿಡಿಯಬಲ್ಲವು ಕೆಲವೇ ಕೆಲವು. ಹಿಂದಿ ಕೇಳುತ್ತ ಬೆಳೆದ ಹನ್ನೊಂದು ಹನ್ನೆರಡು ತಿಂಗಳ ಮಕ್ಕಳಿಗೆ ಅದು ಕಷ್ಟವೇ ಆಗಲಿಲ್ಲ. ಸುತ್ತಲಿನ ಮಾತಿನಲ್ಲಿ ಯಾವ ವ್ಯತ್ಯಾಸಕ್ಕೆ ಬೆಲೆಯಿದೆಯೋ ಅದನ್ನು ಉಳಿಸಿಕೊಂಡು ಮಿಕ್ಕವುಗಳತ್ತ ಗಮನ ಕಡಿಮೆ ಮಾಡುವ ಕೆಲಸವನ್ನು ಮಗು ಮೊದಲ ವರ್ಷದೊಳಗೇ ಆರಂಭಿಸಿಬಿಟ್ಟಿರುತ್ತದೆ.

ನಿಮ್ಮ ಮಗಳ ಮುಂದೆ ಈಗ ಇಂಥವೇ ಎರಡು ಪಾಠಗಳಿವೆ. ಅಮ್ಮನ ಮಾತಿನಲ್ಲಿ ‘ಕಾಳಿ’ ಬೇರೆ, ‘ಗಾಳಿ’ ಬೇರೆ. ಅಪ್ಪನ ಮಾತಿನಲ್ಲಿ ಕ, ಗಗಳಲ್ಲಿ ಯಾವುದು ಬರುತ್ತದೆ ಎಂಬುದು ಬಹುಮಟ್ಟಿಗೆ ಪದದಲ್ಲಿ ಅದರ ಸ್ಥಾನವನ್ನು ಅವಲಂಬಿಸಿರುತ್ತದೆ. ಅಪ್ಪನ ಮಾತಿನಲ್ಲಿ ಇರುವ ‘ೞ’ (‘ತಮಿೞ್’ ಎನ್ನುವಾಗ ಕೊನೆಗೆ ಬರುವ ಧ್ವನಿ) ಅಮ್ಮನ ಮಾತಿನಲ್ಲಿ ಇಲ್ಲ. (ಹಳಗನ್ನಡದಲ್ಲಿ ಅದೂ ಇತ್ತು, ಕಳೆದುಕೊಂಡವರು ನಾವು.) ಇವೆರಡೂ ಕಲಸಿಹೋಗುತ್ತವೆ ಎಂಬ ಭಯಕ್ಕೆ ಆಧಾರ ಕಡಿಮೆ. ಗರ್ಭದಲ್ಲಿದ್ದಾಗ ತಾಯಿಯಿಂದ ಇಂಗ್ಲಿಷ್ ಮತ್ತು ಫಿಲಿಪೀನ್ಸಿನ ತಗಾಲಾಗ್ ಎರಡನ್ನೂ ಕೇಳಿದ ನವಜಾತ ಶಿಶುಗಳು ಎರಡರಲ್ಲೂ ಆಸಕ್ತಿ ತೋರಿದವು, ಅವುಗಳ ನಡುವಿನ ಭೇದವನ್ನೂ ಗುರುತಿಸಿದವು ಎಂದು 2010ರಲ್ಲಿ ವರ್ಕರ್ ಮತ್ತು ಅವರ ಸಂಗಡಿಗರು ವರದಿ ಮಾಡಿದರು. ಸ್ಪೇನಿನ ಬಾರ್ಸಿಲೋನಾದಲ್ಲಿ ಸ್ಪ್ಯಾನಿಷ್ ಮತ್ತು ಅಲ್ಲಿನ ಸ್ಥಳೀಯ ಭಾಷೆ ಕಟಲಾನ್ ಎರಡನ್ನೂ ಕೇಳುತ್ತ ಬೆಳೆಯುವ ಶಿಶುಗಳು ಕಟಲಾನಿನ ಎರಡು ಬಗೆಯ ‘ಎ’ಕಾರಗಳನ್ನು ನಾಲ್ಕು ತಿಂಗಳಲ್ಲಿ ಬೇರ್ಪಡಿಸಿ, ಎಂಟು ತಿಂಗಳಲ್ಲಿ ಬೇರ್ಪಡಿಸಲಾರದೆ, ಹನ್ನೆರಡಕ್ಕೆ ಮತ್ತೆ ಬೇರ್ಪಡಿಸಿದವೆಂದು 2003ರ ಅಧ್ಯಯನವೊಂದು ಹೇಳಿದಾಗ ಕೆಲವರು ಇದೇ ‘ಗೊಂದಲ’ ಎಂದುಕೊಂಡದ್ದುಂಟು. ಆದರೆ ಪರೀಕ್ಷೆಯ ವಿಧಾನವನ್ನು ಬದಲಿಸಿ ನೋಡಿದಾಗ ಎಂಟು ತಿಂಗಳ ಮಕ್ಕಳೂ ಭೇದವನ್ನು ಹಿಡಿದವು. ನಿಮ್ಮ ಅತ್ತೆಯವರಿಗೆ ಇದನ್ನು ತಿಳಿಸಿ. ಅವರೂ ಮೊಮ್ಮಗಳೊಡನೆ ತಮಗೆ ಸಲೀಸಾದ ಭಾಷೆಯಲ್ಲಿ ಧಾರಾಳವಾಗಿ ಮಾತನಾಡಲಿ.

ಮೊಬೈಲಿನ ಹಿಂದಿ ಹಾಡುಗಳಿಂದ ಧ್ವನಿಗಳು ಬರುತ್ತವೆ ಎಂದು ನಂಬಿ ಕೂರಬೇಡಿ. ಪೆಟ್ರೀಶಿಯಾ ಕೂಲ್ ಅವರ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿತು. ಎದುರಿಗೆ ಕುಳಿತು, ಆಟಿಕೆ ತೋರಿಸಿ, ಕಥೆ ಓದಿ ಮಾತನಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ವ್ಯಕ್ತಿಗಳನ್ನು ಅಷ್ಟೇ ಹೊತ್ತು ಪರದೆಯ ಮೇಲೆ ನೋಡಿದ ಅಥವಾ ಧ್ವನಿಮುದ್ರಣದಲ್ಲಿ ಕೇಳಿದ ಮಕ್ಕಳು ಕಲಿಯಲಿಲ್ಲ.

ಪ್ರಶ್ನೆ: ‘ವೆಸ್ಟ್’ ಎಂದು ಹೇಳಿ ಬರೆಸಿದರೆ ನನ್ನ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬನಿಯನ್ನಿನ ಪದವನ್ನು, ಉಳಿದವರು ಪಶ್ಚಿಮ ದಿಕ್ಕಿನ ಪದವನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮಕ್ಕಳು ಗಮನವಿಟ್ಟು ಕೇಳುತ್ತಿಲ್ಲವೇ?
— ಶಿಕ್ಷಕಿಯೊಬ್ಬರು, ಯಲಹಂಕ

ಉತ್ತರ: ಕೇಳುತ್ತಿದ್ದಾರೆ. ಇಂಗ್ಲಿಷಿನಲ್ಲಿ ಒಂದು ಪದ ಹಲ್ಲು ತುಟಿಗೆ ತಾಗಿ, ಇನ್ನೊಂದು ತುಟಿಗಳು ದುಂಡಾಗಿ ಶುರುವಾಗುತ್ತದೆ. ಕನ್ನಡದ ‘ವ’ ಇವೆರಡರ ನಡುವೆ ಎಲ್ಲೋ ಇದೆ, ಎರಡನ್ನೂ ತಾನೇ ನುಂಗಿಕೊಳ್ಳುತ್ತದೆ. ಅನ್ಯಭಾಷೆಯ ಎರಡು ಧ್ವನಿಗಳು ನಮ್ಮ ಭಾಷೆಯ ಒಂದೇ ಧ್ವನಿಯೊಳಗೆ ಬಿದ್ದಾಗ ಬೇರ್ಪಡಿಸುವುದು ಎಲ್ಲಕ್ಕಿಂತ ಕಷ್ಟ, ಬೇರೆ ಬೇರೆ ಧ್ವನಿಗಳೊಳಗೆ ಬಿದ್ದಾಗ ಬಲು ಸುಲಭ ಎಂಬುದು ಧ್ವನಿಗ್ರಹಣೆಯ ಸಂಶೋಧಕಿ ಕ್ಯಾಥರೀನ್ ಬೆಸ್ಟ್ ಅವರ ಸಿದ್ಧಾಂತ. ಅದೇ ಮಕ್ಕಳು ‘ತ್ರೀ’ ಮತ್ತು ‘ಟ್ರೀ’ಗಳನ್ನು ಗೊಂದಲ ಮಾಡಿಕೊಳ್ಳುವುದಿಲ್ಲ, ಏಕೆಂದರೆ ಅವನ್ನು ಹಿಡಿದಿಡಲು ಕನ್ನಡದಲ್ಲಿ ಎರಡು ಅಕ್ಷರಗಳು ಸಿದ್ಧವಾಗಿವೆ. ತಾವೂ ಎರಡು ಪದಗಳನ್ನು ಒಂದೇ ‘ವ’ಕಾರದಿಂದ ಹೇಳುತ್ತಿಲ್ಲವಷ್ಟೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ, ಒಂದೇ ರೀತಿ ಹೇಳುತ್ತಿದ್ದರೆ ವಾಕ್ಯದಲ್ಲಿಟ್ಟು ಬರೆಸುವುದು ನ್ಯಾಯ.

ಪ್ರಶ್ನೆ: ನಾನು ಲಖನೌದವನು, ಬೆಂಗಳೂರಿಗೆ ಬಂದ ಮೇಲೆ ಕನ್ನಡ ಕಲಿತೆ. ಓದುತ್ತೇನೆ, ಬರೆಯುತ್ತೇನೆ. ಆದರೆ ‘ಹಳ್ಳಿ’ ಎಂದು ಹೇಳಲು ಹೋಗಿ ‘ಹಲ್ಲಿ’ ಎನ್ನುತ್ತೇನೆಂದು ಗೆಳೆಯರು ನಗುತ್ತಾರೆ. ನನಗೆ ಎರಡೂ ಒಂದೇ ರೀತಿ ಕೇಳಿಸುತ್ತವೆ. ನಲವತ್ತರ ಪ್ರಾಯದಲ್ಲಿ ಇದನ್ನು ಸರಿಪಡಿಸಿಕೊಳ್ಳಬಹುದೇ?
— ಓದುಗರೊಬ್ಬರು, ಮಾರತ್ತಹಳ್ಳಿ

ಉತ್ತರ: ನಿಮ್ಮ ಬಡಾವಣೆಯ ಹೆಸರಿನಲ್ಲೇ ಈ ಪರೀಕ್ಷೆ ಇರುವುದು ಸ್ವಲ್ಪ ನಿರ್ದಯವೇ ಸರಿ! ಪ್ರಮಾಣ ಹಿಂದಿಯಲ್ಲಿ ‘ಳ’ ಇಲ್ಲ. ಮರಾಠಿ, ಒಡಿಯಾ, ರಾಜಸ್ಥಾನಿಗಳಲ್ಲಿ ಇದೆ. ಪ್ರತಿ ಭಾಷೆಯ ಧ್ವನಿವ್ಯವಸ್ಥೆಯೂ ಒಂದು ಜರಡಿ, ಅನ್ಯಭಾಷೆಯ ಮಾತನ್ನು ನಾವು ಅದರ ಮೂಲಕವೇ ಸೋಸಿ ಕೇಳುತ್ತೇವೆ ಎಂದು ರಷ್ಯದ ಭಾಷಾವಿಜ್ಞಾನಿ ನಿಕೊಲಾಯ್ ತ್ರುಬೆತ್ಸ್ಕೊಯ್ 1930ರ ದಶಕದಲ್ಲೇ ಬರೆದಿದ್ದರು. ಆ ಸೋಸುವಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಮತ್ತೆ ಬಾರ್ಸಿಲೋನಾದ ಉದಾಹರಣೆ ಕೊಡಬಹುದು. ಒಂದು ಪದವನ್ನು ಪಟ್ಟಿಯಲ್ಲಿ ಎರಡನೆಯ ಬಾರಿ ಕೇಳಿದಾಗ ನಾವು ಅದನ್ನು ಬೇಗ ಗುರುತಿಸುತ್ತೇವೆ. ಕ್ರಿಸ್ಟೋಫ್ ಪಾಲಿಯೆ ಮತ್ತು ಸಂಗಡಿಗರ 2001ರ ಅಧ್ಯಯನದಲ್ಲಿ, ಸ್ಪ್ಯಾನಿಷ್ ಮನೆಗಳಲ್ಲಿ ಹುಟ್ಟಿ ಚಿಕ್ಕಂದಿನಿಂದಲೇ ಕಟಲಾನ್ ಆಡುತ್ತ ಬಂದವರು ಕೂಡ, ಒಂದು ಸ್ವರದಲ್ಲಿ ಮಾತ್ರ ಭೇದವಿರುವ ಎರಡು ಬೇರೆ ಕಟಲಾನ್ ಪದಗಳನ್ನು ಕೇಳಿದಾಗ ಎರಡನೆಯದನ್ನು ಮೊದಲನೆಯದೇ ಮರಳಿ ಬಂತೆಂಬಂತೆ ಬೇಗ ಗುರುತಿಸಿದರು. ಅವರಿಗೆ ಅವೆರಡೂ ಒಂದೇ ಪದ. ಆದ್ದರಿಂದ ನೀವು ಮೊದಲು ನಾಲಿಗೆಯನ್ನು ದೂರಬೇಡಿ.

ಸರಿಪಡಿಸಿಕೊಳ್ಳಬಹುದು. ಇಂಗ್ಲಿಷಿನ ‘ರ’, ‘ಲ’ಗಳನ್ನು ಬೇರ್ಪಡಿಸಲಾರದ ವಯಸ್ಕ ಜಪಾನೀಯರಿಗೆ ಹಲವು ಧ್ವನಿಗಳಲ್ಲಿ, ಹಲವು ಪದಗಳಲ್ಲಿ ಕೇಳಿಸಿ, ಪ್ರತಿ ಉತ್ತರಕ್ಕೂ ಸರಿ ತಪ್ಪು ತಿಳಿಸುವ ತರಬೇತಿಯಿಂದ ಗ್ರಹಣೆ ಸುಧಾರಿಸಿತೆಂದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಅವರ ತಂಡ 1991ರಿಂದ ತೋರಿಸುತ್ತ ಬಂತು. ಒಬ್ಬರದೇ ಧ್ವನಿಯಲ್ಲಿ ಕಲಿತದ್ದು ಹೊಸಬರ ಮಾತಿಗೆ ವಿಸ್ತರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಕೇಳುವುದರಲ್ಲಿ ಪಳಗಿದವರ ಉಚ್ಚಾರಣೆಯೂ, ಅದಕ್ಕೆ ಪ್ರತ್ಯೇಕ ತರಬೇತಿ ಇಲ್ಲದೆಯೇ, ಉತ್ತಮಗೊಂಡಿತು.

ನೀವು ಹೀಗೆ ಮಾಡಿ. ನಾಲ್ಕೈದು ಮಂದಿಯಿಂದ, ಹೆಂಗಸರು ಗಂಡಸರು ವಯಸ್ಸಾದವರು ಎಲ್ಲರಿಂದ, ಹಲ್ಲಿ–ಹಳ್ಳಿ, ಕಾಲು–ಕಾಳು, ಹುಲಿ–ಹುಳಿಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಕ್ರಮ ಕೆಡಿಸಿ ಕೇಳಿ, ಯಾವುದೆಂದು ಹೇಳಿದ ಕೂಡಲೇ ಸರಿ ತಪ್ಪು ನೋಡಿಕೊಳ್ಳಿ. ಕೇಳುವಾಗ ಗಮನವನ್ನು ‘ಳ’ಕಾರದ ಮೇಲಲ್ಲ, ಅದರ ಹಿಂದಿನ ಸ್ವರದ ಕೊನೆಯ ಮೇಲೆ ಇಡಿ. ‘ಳ’ಕ್ಕಾಗಿ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಿನ ಕಡೆ ಏಳುವುದು ಆ ಸ್ವರ ಮುಗಿಯುವ ಮೊದಲೇ ಶುರುವಾಗುತ್ತದೆ, ‘ಹಳ್ಳಿ’ಯ ಅಕಾರ ತನ್ನ ಕೊನೆಯಲ್ಲಿ ಬಣ್ಣಗೆಡುತ್ತದೆ, ‘ಹಲ್ಲಿ’ಯದು ತಿಳಿಯಾಗಿಯೇ ಉಳಿಯುತ್ತದೆ. ಕನ್ನಡದಲ್ಲಿ ಯಾವ ಪದವೂ ‘ಳ’ದಿಂದ ಆರಂಭವಾಗದಿರುವುದರಿಂದ ಈ ಸುಳಿವು ನಿಮಗೆ ಯಾವಾಗಲೂ ಸಿಗುತ್ತದೆ. ಇದು ಹಿಡಿತಕ್ಕೆ ಬಂದ ಮೇಲೆ ‘ಕೊಡಿ’ ಮತ್ತು ಕೆರೆಯ ‘ಕೋಡಿ’ಗಳಿಗೆ ಹೋಗಿ. ಹ್ರಸ್ವ ಒಕಾರಕ್ಕೂ ಹಿಂದಿಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ, ಗೆಳೆಯರು ಅದನ್ನಿನ್ನೂ ಗಮನಿಸಿಲ್ಲದಿರಬಹುದು.

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಗ್ಲಿಷ್ ಪತ್ರಿಕೆಯನ್ನು ದಿನವೂ ಓದುತ್ತೇನೆ. ಮೆಟ್ರೊ ರೈಲಿನ ಗದ್ದಲದಲ್ಲಿ ಕನ್ನಡದ ಪ್ರಕಟಣೆ ತಿಳಿಯುತ್ತದೆ, ಅದರ ಹಿಂದೆಯೇ ಬರುವ ಇಂಗ್ಲಿಷ್ ಪ್ರಕಟಣೆ ಅರ್ಧ ತಪ್ಪಿಹೋಗುತ್ತದೆ. ಕಿವಿ ಮಂದವಾಗುತ್ತಿದೆಯೇ?
— ಹಿರಿಯ ಓದುಗರು, ಮಲ್ಲೇಶ್ವರ

ಉತ್ತರ: ಕನ್ನಡ ಸ್ಪಷ್ಟವಾಗಿ ತಿಳಿದು ಇಂಗ್ಲಿಷ್ ಮಾತ್ರ ತಪ್ಪುತ್ತಿದ್ದರೆ ಕಿವಿಯನ್ನೊಂದನ್ನೇ ಅನುಮಾನಿಸಬೇಕಾಗಿಲ್ಲ. ಗದ್ದಲದಲ್ಲಿ ಧ್ವನಿಗಳ ಎಷ್ಟೋ ಭಾಗ ಅಳಿಸಿಹೋಗಿರುತ್ತದೆ. ಆ ತೆರವುಗಳನ್ನು ಮಿದುಳು ಭಾಷೆಯ ಅನುಭವದಿಂದ ತುಂಬಿಕೊಳ್ಳುತ್ತದೆ. ಲಿನ್ ಮೇಯೊ, ಮೇರಿ ಫ್ಲೋರೆಂಟೀನ್, ಸೋರೆನ್ ಬೂಸ್ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನಾಲ್ಕು ವರ್ಷದ ನಂತರ ಇಂಗ್ಲಿಷ್ ಕಲಿತ ಸ್ಪ್ಯಾನಿಷ್ ಭಾಷಿಕರಿಗೆ, ಎಳವೆಯಲ್ಲೇ ಕಲಿತವರಿಗೆ ಹೋಲಿಸಿದರೆ, ಅದೇ ವಾಕ್ಯ ತಿಳಿಯಲು ಗದ್ದಲ ಇನ್ನಷ್ಟು ತಗ್ಗಿರಬೇಕಾಯಿತು. ವಾಕ್ಯದ ಹಿಂದುಮುಂದಿನಿಂದ ಪದವನ್ನು ಊಹಿಸಿಕೊಳ್ಳುವ ಅನುಕೂಲವೂ ಅವರಿಗೆ ಕಡಿಮೆ ದೊರೆಯಿತು. ನೀವು ಇಂಗ್ಲಿಷನ್ನು ಬಹುಮಟ್ಟಿಗೆ ಕಣ್ಣಿನಿಂದ ಕಲಿತವರಿರಬಹುದು. ದಶಕಗಳ ಓದು ಪದಸಂಪತ್ತನ್ನು ಕೊಟ್ಟಿರುತ್ತದೆ. ಅರ್ಧ ಕೇಳಿದ ಧ್ವನಿಯಿಂದ ಪದವನ್ನು ಕಟ್ಟಿಕೊಳ್ಳುವ ಅಭ್ಯಾಸವನ್ನು ಕೊಟ್ಟಿರುವುದಿಲ್ಲ.

ಆದರೂ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ವಯಸ್ಸಿನೊಂದಿಗೆ ಮೊದಲು ಕುಗ್ಗುವುದು ಎತ್ತರದ ಶ್ರುತಿಯ ಧ್ವನಿಗಳ ಗ್ರಹಣೆ, ಅಂದರೆ ‘ಸ’, ‘ಫ’ಗಳಂಥ ವ್ಯಂಜನಗಳು. ಆರಂಭದ ಸಣ್ಣ ನಷ್ಟವನ್ನು ಬಲವಾದ ಭಾಷೆ ಮುಚ್ಚಿಹಾಕಬಲ್ಲದು, ಎರಡನೆಯ ಭಾಷೆಯಲ್ಲಿ ಅದು ಮೊದಲು ಬಯಲಾಗಬಹುದು. ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ, ನಗರದ ದೊಡ್ಡ ಆಸ್ಪತ್ರೆಗಳಲ್ಲೂ ಈ ಸೌಲಭ್ಯವಿರುತ್ತದೆ. ಪರೀಕ್ಷೆಯಲ್ಲಿ ಬರಿಯ ನಾದಗಳನ್ನಲ್ಲದೆ ಪದಗಳನ್ನೂ ಕೇಳಿಸಿ ಮರಳಿ ಹೇಳಿಸುತ್ತಾರೆ. ಆ ಪದಗಳು ಇಂಗ್ಲಿಷಿನವಾದರೆ ನಿಮ್ಮ ಅಂಕ ಕಿವಿಯನ್ನು ಅಳೆದದ್ದೋ ಭಾಷೆಯನ್ನು ಅಳೆದದ್ದೋ ತಿಳಿಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ಕನ್ನಡದ ಪಟ್ಟಿಯಿಂದಲೇ ಪರೀಕ್ಷಿಸಿ ಎಂದು ಪರೀಕ್ಷೆಗೆ ಕೂರುವ ಮೊದಲೇ ಕೇಳಿಕೊಳ್ಳಿ.